ಚೀಟಿಯೊಳಗಿನ ಅಕ್ಷರ

ನಮ್ಮ ಸೀಮೆಯ ಯಾವ ಮನೆಗೆ ಹೋದರೂ, ಅದು ಜಮಖಂಡಿಯಲ್ಲಿರಲಿ, ಮುಧೋಳದಲ್ಲಿರಲಿ, ಬೀಳಗಿಯಲ್ಲಿರಲಿ, ರಬಕವಿ-ಬನಹಟ್ಟಿಯಲ್ಲಿರಲಿ, ನಡುಮನೆಯ ಗೂಟಕ್ಕೆ ಒಂದು ಚೀಲ ತೂಗುತ್ತಿರುವುದನ್ನು ಕಾಣಬಹುದು. ಅದು ಸಂತೆಯ ಚೀಲವಲ್ಲ, ದವಾಖಾನೆಯ ಚೀಲ. ಬಾಗಲಕೋಟೆಯಲ್ಲಿ ತೆಗೆಸಿದ ಎಕ್ಸ್‌ರೇ, ಬೆಳಗಾವಿಯಲ್ಲಿ ಮಾಡಿಸಿದ ರಕ್ತಪರೀಕ್ಷೆ, ಮಿರಜದ ಡಾಕ್ಟರರು ಬರೆದುಕೊಟ್ಟ ಚೀಟಿ, ಎಲ್ಲವೂ ಅದರಲ್ಲಿ ಸುರಕ್ಷಿತ. ಮಿರಜಕ್ಕೆ ಹೋಗುವುದು ನಮ್ಮವರಿಗೆ ನಿನ್ನೆ ಮೊನ್ನೆಯ ರೂಢಿಯಲ್ಲ. ೧೮೯೪ರಲ್ಲಿ ಡಾ. ವಾನ್ಲೆಸ್ ಅವರು ಅಲ್ಲಿ ಮಿಶನ್ ದವಾಖಾನೆಯನ್ನು ತೆರೆದಾಗ ಮಿರಜವನ್ನೂ ಜಮಖಂಡಿಯನ್ನೂ ಆಳುತ್ತಿದ್ದವರು ಪಟವರ್ಧನ ಮನೆತನದವರೇ. ಸಂಸ್ಥಾನಗಳು ಹೋದುವು, ನಡುವೆ ರಾಜ್ಯದ ಗಡಿ ಬಂದಿತು. ಬೇನೆ ಬಂದವರ ದಾರಿ ಮಾತ್ರ ಬದಲಾಗಲಿಲ್ಲ. ಹೊಲದ ಉತಾರ ಕಳೆದರೂ ಕಳೆದೀತು, ಈ ಚೀಲದ ಕಾಗದ ಕಳೆಯದು. ವಿಚಿತ್ರವೆಂದರೆ, ಇಷ್ಟು ಜೋಪಾನವಾಗಿ ಕಾಯ್ದ ಕಾಗದದಲ್ಲಿ ಏನು ಬರೆದಿದೆಯೆಂಬುದು ಕಾಯ್ದವರಿಗೇ ಗೊತ್ತಿರುವುದಿಲ್ಲ.

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಾದುದರಿಂದ ಇಂಥ ಚೀಲಗಳು ನನ್ನ ಪಡಸಾಲೆಗೆ ಬರುವುದುಂಟು. ಹಿಂದೆ ತಂತಿ ಬಂದರೆ ಓದಿಸಲು ಮಾಸ್ತರರ ಮನೆಗೆ ಓಡಿಬರುತ್ತಿದ್ದರು. ತಂತಿಯ ಕಾಲ ೨೦೧೩ಕ್ಕೆ ಮುಗಿಯಿತು. ಈಗ ಡಾಕ್ಟರರ ಚೀಟಿ ಬರುತ್ತದೆ. ತಂತಿಯಲ್ಲಿಯೂ ಮಾತು ಕಡಿಮೆ, ಭಯ ಹೆಚ್ಚು, ಇದರಲ್ಲಿಯೂ ಹಾಗೆಯೇ.

ಮೊದಲು ನಗೆ ಬರಿಸುವ ಅಕ್ಷರಗಳನ್ನೇ ನೋಡೋಣ. ಕೆಮ್ಮಿನಿಂದ ಬಳಲುತ್ತಿದ್ದ ಹಿರಿಯರೊಬ್ಬರು ಚೀಟಿ ಚಾಚಿ ನನ್ನನ್ನು ಕೇಳಿದ್ದರು: “ಬಾಯಿಲೆ ‘ಬೀಡಿ ಬಿಡ್ರಿ’ ಅಂತಾರ, ಕಾಗದದಾಗ ಮೂರು ಸಲ ಬೀಡಿ ಅಂತನ ಬರದಾರ. ಯಾವುದು ಕೇಳ್ಲಿ ಮಾಸ್ತರ್ರ?” ಚೀಟಿಯಲ್ಲಿದ್ದುದು ಬಿ.ಡಿ. ಎಂಬ ಎರಡು ಇಂಗ್ಲಿಷ್ ಅಕ್ಷರ. ಅವು ಇಂಗ್ಲಿಷಿನ ಮಾತೂ ಅಲ್ಲ; ಲ್ಯಾಟಿನ್ ಭಾಷೆಯ ‘ಬಿಸ್ ಇನ್ ಡಿಯೆ’, ಎಂದರೆ ದಿನಕ್ಕೆರಡು ಸಲ. ಟಿ.ಡಿ.ಎಸ್. ಎಂದರೆ ದಿನಕ್ಕೆ ಮೂರು ಸಲ. ಸಂಬಳದಾರರಿಗೆ ಅದೇ ಅಕ್ಷರಗಳು ತೆರಿಗೆ ಕಡಿತದ ನೆನಪು ತಂದು ಎದೆ ಝಲ್ಲೆನಿಸುತ್ತವೆ. ಎಚ್.ಎಸ್. ಎಂದರೆ ಮಲಗುವ ಹೊತ್ತು. ಎಸ್.ಓ.ಎಸ್. ಎಂದರೆ ಮುಳುಗುವ ಹಡಗಿನ ಕೂಗಲ್ಲ, ‘ಬೇಕಾದರೆ ಮಾತ್ರ’ ಎಂದಷ್ಟೆ. ಓ.ಡಿ. ಎಂದರೆ ದಿನಕ್ಕೊಂದು ಸಲ. ಕಣ್ಣಿನ ಡಾಕ್ಟರರ ಚೀಟಿಯಲ್ಲಾದರೆ ಬಲಗಣ್ಣು! ರೋಮಿನ ಸಾಮ್ರಾಜ್ಯ ಬಿದ್ದು ಸಾವಿರದೈನೂರು ವರ್ಷಗಳಾದರೂ ಅದರ ಭಾಷೆ ಮುಧೋಳದ ಔಷಧದಂಗಡಿಯಲ್ಲಿ ಇನ್ನೂ ದರಬಾರು ನಡೆಸುತ್ತಿದೆ.

ಆ ದರಬಾರನ್ನು ಮುರಿದವರು ಪಂಡಿತರಲ್ಲ. ಗುಳಿಗೆ ಮಾರುವ ಅಂಗಡಿಕಾರರು ಮತ್ತು ಊರ ಡಾಕ್ಟರರು. ಒಂದು, ಸೊನ್ನೆ, ಒಂದು ಎಂದು ಅವರು ಬರೆಯುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓದು ಬಾರದ ಅಜ್ಜಿಗೂ ಇದು ತಿಳಿಯುತ್ತದೆ. ಇದೂ ಸಂಕ್ಷೇಪವೇ. ಆದರೆ ಬರೆದವನಿಗೂ ಓದುವವನಿಗೂ ಒಂದೇ ಅರ್ಥ ಕೊಡುವ ಸಂಕ್ಷೇಪ.

ಸಂಕ್ಷೇಪವೆಂದರೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ಹಿರಿಯರ ಪತ್ರಗಳನ್ನು ತೆಗೆದು ನೋಡಿರಿ. ತೀರ್ಥರೂಪರಿಗೆ ತೀ.ರೂ., ಮಗನಿಗೆ ಚಿ., ಮಗಳಿಗೆ ಚಿ.ಸೌ., ವಿಳಾಸಕ್ಕೆ ಸಾ||, ತಾ||, ಜಿ||. ‘ಚಿ.’ ಎಂಬ ಒಂದಕ್ಷರದಲ್ಲಿ ತಾಯಿತಂದೆಗಳ ಆಶೀರ್ವಾದವೆಲ್ಲ ಅಡಗಿರುತ್ತಿತ್ತು; ಓದುವ ಮಗನಿಗೂ ಅದು ತಿಳಿದಿರುತ್ತಿತ್ತು. ಸಂಕ್ಷೇಪವೆಂಬುದು ಇಬ್ಬರ ನಡುವಿನ ಒಪ್ಪಂದ. ಡಾಕ್ಟರರ ಚೀಟಿಯಲ್ಲಿಯೂ ಒಪ್ಪಂದವುಂಟು, ಆದರೆ ಅದು ಡಾಕ್ಟರರಿಗೂ ಅಂಗಡಿಕಾರನಿಗೂ ಆದದ್ದು. ಯಾರ ಮೈಯ ಮಾತು ಅಲ್ಲಿ ನಡೆದಿದೆಯೋ ಅವನೇ ಅದರ ಹೊರಗೆ.

‘ಹಳ್ಳಿಯವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು?’ ಎನ್ನುವವರಿದ್ದಾರೆ. ಅಂಥವರು ನಮ್ಮ ಕಡೆ ಒಮ್ಮೆ ಬಂದು ಹೋಗಬೇಕು. ಆಲಮಟ್ಟಿಯ ಹಿನ್ನೀರಿಗೆ ಊರು ಕಳೆದುಕೊಂಡ ಬೀಳಗಿಯ ಕಡೆಯ ರೈತನಿಗೆ ಯು.ಕೆ.ಪಿ. ಎಂದರೇನು, ಆರ್.ಸಿ. ಎಂದರೇನು ಎಂದು ಯಾರೂ ಕಲಿಸಬೇಕಾಗಿಲ್ಲ. ಪುನರ್ವಸತಿ ಕೇಂದ್ರಕ್ಕೆ ಆರ್.ಸಿ. ಎಂಬುದೇ ಅವನ ಬಾಯಲ್ಲಿ ಊರಿನ ಹೆಸರಾಗಿದೆ. ಮುಧೋಳದ ಕಬ್ಬು ಬೆಳೆಗಾರನಿಗೆ ಎಫ್.ಆರ್.ಪಿ. ಎಂದರೆ ಟನ್ನಿಗೆ ಕಾರ್ಖಾನೆ ಕೊಡಲೇಬೇಕಾದ ದರವೆಂಬುದು ಗೊತ್ತು. ಅದಕ್ಕಾಗಿ ರಸ್ತೆಯಲ್ಲಿ ಕೂತದ್ದೂ ಗೊತ್ತು. ಬನಹಟ್ಟಿಯ ನೇಕಾರನಿಗೆ ನೂಲಿನ ‘ಕೌಂಟು’ ತಾಯಿಭಾಷೆಯ ಮಾತಿನಂತೆಯೇ. ಹೊಟ್ಟೆಗೆ ತಟ್ಟಿದ ಅಕ್ಷರವನ್ನು ನಮ್ಮ ಜನ ಯಾವ ಶಾಲೆಗೂ ಹೋಗದೆ ಕಲಿತಿದ್ದಾರೆ. ಹಾಗಾದರೆ ಜೀವಕ್ಕೆ ತಟ್ಟಿದ ಅಕ್ಷರ ಏಕೆ ತಿಳಿಯದೆ ಉಳಿಯಿತು? ತಿಳಿಯಲಾರದ್ದರಿಂದಲ್ಲ, ತಿಳಿಸದೆ ಇದ್ದುದರಿಂದ ಎಂದು ನನಗೆ ತೋರುತ್ತದೆ.

ಡಾಕ್ಟರರ ಅಕ್ಷರಗಳಿಗೆ ಸಮಯ ಉಳಿಸುವುದಲ್ಲದೆ ಇನ್ನೊಂದು ಕೆಲಸವೂ ಉಂಟು. ಅದು ಮುಚ್ಚುವ ಕೆಲಸ. ಕ್ಷಯವೆನ್ನಬಾರದೆಂದು ‘ಕಾಕ್ಸ್’ ಎನ್ನುತ್ತಾರೆ; ೧೮೮೨ರಲ್ಲಿ ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ರಾಬರ್ಟ್ ಕಾಕ್ ಅವರ ಹೆಸರದು. ಕುಷ್ಠವೆನ್ನಬಾರದೆಂದು ‘ಹ್ಯಾನ್ಸೆನ್ಸ್’ ಎನ್ನುತ್ತಾರೆ. ೧೮೭೩ರಲ್ಲಿ ಅದರ ಕ್ರಿಮಿಯನ್ನು ಕಂಡ ನಾರ್ವೆ ದೇಶದ ವೈದ್ಯರ ಹೆಸರದು. ಅರ್ಬುದಕ್ಕೆ ಸಿ.ಎ. ಎಂದು ಎರಡಕ್ಷರ. ಇದರಲ್ಲಿ ಡಾಕ್ಟರರನ್ನಷ್ಟೆ ದೂರುವುದು ನ್ಯಾಯವಲ್ಲ. ರಾತ್ರಿ ಹಾವನ್ನು ಹಾವೆನ್ನದೆ ಹುಳವೆಂದವರು ನಾವು. ಸಿಡುಬನ್ನು ಅಮ್ಮನೆಂದು ಕರೆದು ಬೇವಿನ ಸೊಪ್ಪು ಕಟ್ಟಿದವರು ನಾವು. ಹೆಸರು ಹೇಳಿದರೆ ಅದು ಬಂದೇ ಬಿಡುವುದೆಂಬ ಭಯ ಮನುಷ್ಯನಷ್ಟೇ ಹಳೆಯದು.

ಈ ಭಯಕ್ಕೆ ನಮ್ಮ ಜಿಲ್ಲೆ ತೆತ್ತ ಬೆಲೆ ಸಣ್ಣದಲ್ಲ. ಏಡ್ಸ್ ಎಂಬ ಹೆಸರು ಅಮೆರಿಕದಲ್ಲಿ ಹುಟ್ಟಿದ್ದು ೧೯೮೨ರಲ್ಲಿ. ಮರುವರ್ಷ ಪ್ಯಾರಿಸಿನ ವಿಜ್ಞಾನಿಗಳು ಅದರ ವೈರಸ್ಸನ್ನು ಕಂಡರು. ಒಬ್ಬರು ಅದನ್ನು ಎಲ್.ಎ.ವಿ. ಎಂದರು, ಇನ್ನೊಬ್ಬರು ಎಚ್.ಟಿ.ಎಲ್.ವಿ. ಮೂರು ಎಂದರು, ೧೯೮೬ರಲ್ಲಿ ಪಂಡಿತರ ಸಮಿತಿ ಕೂತು ಎಚ್.ಐ.ವಿ. ಎಂದು ಹೆಸರಿಟ್ಟಿತು. ಅದೇ ವರ್ಷ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಅದು ಭಾರತಕ್ಕೂ ಬಂದಿದೆಯೆಂದು ಕಂಡುಹಿಡಿದರು. ಆಮೇಲಿನ ಹದಿನೈದು ವರ್ಷಗಳಲ್ಲಿ ಆ ಮೂರಕ್ಷರ ಘಟಪ್ರಭೆ-ಕೃಷ್ಣೆಯರ ನಡುವಿನ ನಮ್ಮ ಹಳ್ಳಿಗಳನ್ನು ಹೊಕ್ಕಿತು. ೨೦೦೩ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ರಕ್ತ ಪರೀಕ್ಷಿಸಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಅದು ಕಂಡಿತು. ದುಡಿಯಲು ಮಹಾರಾಷ್ಟ್ರಕ್ಕೆ ಹೋಗಿ ಬರುವ ಗಂಡಸರು, ೧೯೮೨ರ ಕಾಯಿದೆ ನಿಷೇಧಿಸಿದ ಮೇಲೂ ಉಳಿದುಕೊಂಡ ದೇವದಾಸಿ ಪದ್ಧತಿ, ಬಡತನ, ಇವೆಲ್ಲ ಸೇರಿ ಆದ ಅನಾಹುತವದು. ಹಾಸಿಗೆ ಹಿಡಿದವರ ಮನೆಗಳಲ್ಲಿ ಕಾಗದಗಳಿದ್ದುವು, ಕಾಗದದಲ್ಲಿ ಅಕ್ಷರಗಳಿದ್ದುವು. ಅರ್ಥ ಮಾತ್ರ ಇರಲಿಲ್ಲ.

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಯ ಮಾತನ್ನು ಇಲ್ಲಿ ಹೇಳಬೇಕು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಓಣಿ, ಹೆಸರು ವಾಚಕರಿಗೆ ಬೇಡ. ನೇಕಾರರ ಮನೆ. ಪಾವರಲೂಮಿನಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡ. ಕೆಲವು ತಿಂಗಳ ಮೇಲೆ ಆಕೆಯೂ ಸೊರಗತೊಡಗಿದಳು. ದೂರದ ದವಾಖಾನೆಯೊಂದರಲ್ಲಿ ತೋರಿಸಿದಾಗ ಕಾಗದದ ತಲೆಯ ಮೇಲೆ ಆರ್.ವಿ.ಡಿ. ಎಂದು ಬರೆದರು. ಜೊತೆಗೆ ಹೋಗಿದ್ದ ಮೈದುನನಿಗೆ ಮೂಲೆಗೆ ಕರೆದು ಏನೋ ಹೇಳಿದರು. ಆಕೆಗೆ ಹೇಳಿದ್ದು ‘ರಕ್ತ ಕಡಿಮೆ ಐತಿ’ ಎಂದಷ್ಟೆ. ಮೈದುನ ಮನೆಗೆ ಬಂದು ಆಕೆಯ ತಾಟು-ತಂಬಿಗೆ ಬೇರೆ ಇಡಿಸಿದ. ಏಕೆಂದು ಆಕೆಗೆ ತಿಳಿಯಲಿಲ್ಲ. ಎಂಟು ತಿಂಗಳು ಆಕೆ ಆ ಮೂರಕ್ಷರವನ್ನು ಚೀಲದಲ್ಲಿ ಹೊತ್ತು ತಿರುಗಿದಳು.

ರೆಟ್ರೊವೈರಲ್ ಡಿಸೀಸ್ ಎಂಬುದು ಅದರ ವಿಸ್ತಾರ. ತನ್ನ ಬರಹವನ್ನು ಹಿಮ್ಮುಖವಾಗಿ ನಕಲು ಮಾಡಿ ನಮ್ಮ ಜೀವಕೋಶದ ಬರಹದೊಳಗೆ ಸೇರಿಸಿಬಿಡುವ ವೈರಸ್ಸಿಗೆ ರೆಟ್ರೊವೈರಸ್ ಎಂದು ಹೆಸರು. ಎಚ್.ಐ.ವಿ. ಆ ಜಾತಿಯದು. ಎಚ್.ಐ.ವಿ. ಎಂದರೆ ಊರಿಗೆಲ್ಲ ಗೊತ್ತಾದೀತೆಂದು ಆರ್.ವಿ.ಡಿ. ಎಂದು ಬರೆದರು. ಊರಿಗೇನೋ ತಿಳಿಯಲಿಲ್ಲ, ಆಕೆಗೂ ತಿಳಿಯಲಿಲ್ಲ. ಕೊನೆಗೆ ತಾಲೂಕು ದವಾಖಾನೆಯ ಆಪ್ತಸಲಹೆಗಾರ್ತಿಯೊಬ್ಬರು ಆಕೆಯನ್ನು ಎದುರಿಗೆ ಕೂಡಿಸಿಕೊಂಡು, ಅಚ್ಚಗನ್ನಡದಲ್ಲಿ, ಒಂದು ತಾಸು ಎಲ್ಲವನ್ನೂ ಬಿಡಿಸಿ ಹೇಳಿದರು. ಆಕೆ ಅಳಲಿಲ್ಲವಂತೆ. ಮೊದಲು ಕೇಳಿದ ಮಾತು: “ನನ್ನ ಕೂಸಿಗೆ ಐತೇನ್ರಿ ಅಕ್ಕಾರ?” ನಾಲ್ಕು ವರ್ಷದ ಮಗುವಿನ ಪರೀಕ್ಷೆ ಎಂಟು ತಿಂಗಳ ಹಿಂದೆಯೇ ಆಗಬೇಕಾಗಿತ್ತು. ದೈವ ದೊಡ್ಡದು, ಮಗುವಿಗೆ ಸೋಂಕಿರಲಿಲ್ಲ. ಇದ್ದಿದ್ದರೆ? ಆ ಎಂಟು ತಿಂಗಳ ಲೆಕ್ಕವನ್ನು ಯಾವ ಸಂಕ್ಷೇಪಾಕ್ಷರ ಕೊಡುತ್ತಿತ್ತು?

ಆಮೇಲೆ ಆಕೆ ಕಲಿತ ರೀತಿ ನೋಡಬೇಕು. ಮೊದಲ ಸಲ ಪರೀಕ್ಷಿಸಿದಾಗ ಆಕೆಯ ಸಿ.ಡಿ. ಫೋರ್ ಕೌಂಟು ೧೬೮. ಸಿ.ಡಿ. ಫೋರ್ ಎಂದರೇನೆಂದು ಆಕೆ ಬಿಡದೆ ಕೇಳಿ ತಿಳಿದುಕೊಂಡಳು. ನಮ್ಮ ಬಿಳಿಯ ರಕ್ತಕಣಗಳ ಮೈಮೇಲೆ ನಾನಾ ಬಗೆಯ ಕುರುಹುಗಳಿರುತ್ತವೆ. ಒಂದೇ ಕುರುಹಿಗೆ ಒಂದೊಂದು ಪ್ರಯೋಗಶಾಲೆಯವರು ಒಂದೊಂದು ಹೆಸರಿಟ್ಟು ಗೊಂದಲವಾದಾಗ, ೧೯೮೨ರಲ್ಲಿ ಪ್ಯಾರಿಸಿನಲ್ಲಿ ವಿಜ್ಞಾನಿಗಳು ಸೇರಿ, ಅವನ್ನು ಗುಂಪಾಗಿ ವಿಂಗಡಿಸಿ ಸಿ.ಡಿ. ಎಂಬ ಎರಡಕ್ಷರದೊಡನೆ ಕ್ರಮಸಂಖ್ಯೆ ಕೊಡುವುದೆಂದು ಗೊತ್ತುಮಾಡಿದರು. ನಾಲ್ಕನೆಯ ಕುರುಹು ಹೊತ್ತ ಕಣಗಳೇ ಮೈಯ ಕಾವಲುಪಡೆಗೆ ಆಜ್ಞೆ ಕೊಡುವ ಜಮಾದಾರರು. ವೈರಸ್ಸು ಆ ಕುರುಹನ್ನೇ ಹಿಡಿಕೆಯಾಗಿ ಹಿಡಿದು ಒಳಗೆ ನುಗ್ಗುತ್ತದೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಈ ಕಣಗಳು ಸುಮಾರು ೫೦೦ರಿಂದ ೧೫೦೦ರವರೆಗೆ ಇರುತ್ತವೆ. ೨೦೦ಕ್ಕಿಂತ ಕೆಳಗಿಳಿದರೆ ಕಾವಲು ಮುರಿದಂತೆ. ಆಕೆ ಇದನ್ನೆಲ್ಲ ತನ್ನದೇ ಮಾತಿನಲ್ಲಿ ನನಗೆ ಹೇಳಿದ್ದು ಹೀಗೆ: “ನೂಲಿನ ಕೌಂಟ್ ಏರಿದ್ರ ಎಳಿ ಸಣ್ಣ ಆಗ್ತೈತ್ರಿ ಮಾಸ್ತರ್ರ, ರಕ್ತದ ಕೌಂಟ್ ಏರಿದ್ರ ಜೀವ ಗಟ್ಟಿ ಆಗ್ತೈತಿ.” ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ.

ಒಳಗೆ ನುಗ್ಗಲು ವೈರಸ್ಸಿಗೆ ಹಿಡಿಕೆಯೊಂದೇ ಸಾಲದು, ಅಗುಳಿಯೂ ಬೇಕು. ಆ ಅಗುಳಿಗೆ ಸಿ.ಸಿ.ಆರ್. ಫೈವ್ ಎಂದು ಹೆಸರು. ಅದನ್ನು ಮಾಡುವ ಜೀನಿಗೂ ಅದೇ ಹೆಸರು. ಜೀನೆಂದರೂ ಒಂದು ಬರಹವೇ. ಕೇವಲ ನಾಲ್ಕು ಅಕ್ಷರಗಳ ವರ್ಣಮಾಲೆಯಲ್ಲಿ ಪ್ರಕೃತಿ ಬರೆದ ಉದ್ದನೆಯ ಓಲೆ. ಉತ್ತರ ಯುರೋಪಿನ ಕೆಲವರ ಮನೆತನಗಳಲ್ಲಿ ಈ ಓಲೆಯ ಮೂವತ್ತೆರಡು ಅಕ್ಷರಗಳು ಬಿಟ್ಟುಹೋಗಿವೆ. ತಾಯಿಯಿಂದಲೂ ತಂದೆಯಿಂದಲೂ ಹಾಗೆ ತಪ್ಪಾದ ಓಲೆಯೇ ಬಂದವರಿಗೆ ಸಾಮಾನ್ಯವಾಗಿ ಎಚ್.ಐ.ವಿ. ತಗಲುವುದಿಲ್ಲವೆಂದು ೧೯೯೬ರಲ್ಲಿ ತಿಳಿಯಿತು. ಅಂಥ ಒಬ್ಬರ ಅಸ್ಥಿಮಜ್ಜೆಯನ್ನು ೨೦೦೭ರಲ್ಲಿ ಬರ್ಲಿನ್ನಿನಲ್ಲಿ ಟಿಮೊಥಿ ಬ್ರೌನ್ ಎಂಬವರಿಗೆ ಅವರ ರಕ್ತದ ಅರ್ಬುದಕ್ಕಾಗಿ ಕೊಟ್ಟಾಗ ಅವರ ಎಚ್.ಐ.ವಿ. ಸಹ ಗುಣವಾಯಿತು. ಪ್ರಕೃತಿಯ ಬರಹದಲ್ಲಿ ಅಕ್ಷರಲೋಪವೂ ಒಮ್ಮೊಮ್ಮೆ ವರವಾಗುತ್ತದೆ. ಮನುಷ್ಯರ ಬರಹದಲ್ಲಿ ಆ ಭಾಗ್ಯ ಕಡಿಮೆ.

ಔಷಧಗಳ ಹೆಸರನ್ನೇ ನೋಡಿರಿ. ಎಂ.ಎಸ್. ಎಂದರೆ ಶಸ್ತ್ರವೈದ್ಯರ ಪದವಿ. ಹೃದಯದ ಕವಾಟವೊಂದರ ರೋಗವೂ ಹೌದು, ನರಗಳ ರೋಗವೂ ಹೌದು. ನೋವು ಮರೆಸುವ ಮಾರ್ಫಿನ್ ಸಲ್ಫೇಟೂ ಹೌದು, ಮೆಗ್ನೀಶಿಯಂ ಸಲ್ಫೇಟೂ ಹೌದು. ಎಚ್.ಐ.ವಿ.ಗೆ ೧೯೮೭ರಲ್ಲಿ ದೊರೆತ ಮೊದಲ ಮದ್ದು ಎ.ಝಡ್.ಟಿ. ಅದನ್ನೇ ಅಝಥಯೋಪ್ರಿನ್ ಎಂದು ತಪ್ಪಾಗಿ ಓದಿದ ಪ್ರಸಂಗಗಳು ಪಾಶ್ಚಾತ್ಯ ದೇಶಗಳಲ್ಲಿ ದಾಖಲಾಗಿವೆ. ಅಝಥಯೋಪ್ರಿನ್ ಮೈಯ ಕಾವಲನ್ನು ತಗ್ಗಿಸುವ ಔಷಧ! ಕಾವಲು ಮುರಿದವನಿಗೆ ಅದನ್ನು ಕೊಟ್ಟರೆ ಏನಾದೀತು? ಮೂಲ ಔಷಧದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಿರಿ ಎಂದು ಭಾರತೀಯ ವೈದ್ಯಕೀಯ ಪರಿಷತ್ತು ೨೦೧೬ರಲ್ಲಿ ನಿಯಮ ಮಾಡಿತು.

ಪೂರ್ತಿ ಬರೆದರೆ ಲಾಭವೂ ಉಂಟು. ಔಷಧಗಳಿಗೂ ಮನೆತನದ ಹೆಸರಿರುತ್ತದೆ. ಹಿರೇಮಠ, ಚಿಕ್ಕಮಠ, ಹೊಸಮಠ ಎಂದರೆ ‘ಮಠ’ವೆಂಬ ಬಾಲದಿಂದಲೇ ಮನೆತನ ತಿಳಿಯುವುದಲ್ಲವೆ? ಹಾಗೆಯೇ ‘ಪ್ರಿಲ್’ ಎಂದು ಮುಗಿದರೆ ರಕ್ತದೊತ್ತಡದ ಒಂದು ಮನೆತನ, ‘ಸ್ಟಾಟಿನ್’ ಎಂದು ಮುಗಿದರೆ ಕೊಬ್ಬಿಳಿಸುವ ಮನೆತನ, ‘ಗ್ರಾವಿರ್’ ಎಂದು ಮುಗಿದರೆ ವೈರಸ್ಸು ತನ್ನ ಬರಹವನ್ನು ನಮ್ಮ ಬರಹಕ್ಕೆ ಸೇರಿಸದಂತೆ ತಡೆಯುವ ಮನೆತನ. ಇಂದು ಸರಕಾರದ ಕೇಂದ್ರಗಳಲ್ಲಿ ಬಹುಮಂದಿಗೆ ಕೊಡುವ ಟಿ.ಎಲ್.ಡಿ. ಎಂಬ ಒಂದೇ ಗುಳಿಗೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂವರು ಒಟ್ಟಿಗೆ ವಾಸಿಸುತ್ತಾರೆ.

ಆ ಕೇಂದ್ರಗಳಿಗೆ ಎ.ಆರ್.ಟಿ. ಕೇಂದ್ರವೆಂದು ಹೆಸರು; ಉಚಿತ ಔಷಧ ಕೊಡುವ ಯೋಜನೆ ಆರಂಭವಾದದ್ದು ೨೦೦೪ರ ಏಪ್ರಿಲ್ ಒಂದರಂದು. ಇಲ್ಲಿಯೂ ಒಂದು ತೊಡಕುಂಟು. ಮಕ್ಕಳಿಲ್ಲದವರಿಗೆ ಸಂತಾನ ಕೊಡಿಸುವ ಚಿಕಿತ್ಸೆಗೂ ಎ.ಆರ್.ಟಿ. ಎಂದೇ ಹೆಸರು, ೨೦೨೧ರಲ್ಲಿ ಅದಕ್ಕಾಗಿ ಆದ ಕಾಯಿದೆಯಲ್ಲಿಯೂ ಅದೇ ಅಕ್ಷರಗಳು. ಮದುವೆಯಾಗಿ ಆರು ವರ್ಷವಾದ ದಂಪತಿಗಳೊಬ್ಬರು ‘ಎ.ಆರ್.ಟಿ. ಎಲ್ಲೈತ್ರಿ?’ ಎಂದು ಬಸ್ಸಿನಲ್ಲಿ ವಿಚಾರಿಸಿದಾಗ, ಪಕ್ಕದಲ್ಲಿದ್ದವರು ಮೆಲ್ಲನೆ ಬೇರೆ ಸೀಟಿಗೆ ಸರಿದದ್ದನ್ನು ನಾನೇ ಕಂಡಿದ್ದೇನೆ. ಅವರು ಹುಡುಕಿ ಹೊರಟಿದ್ದು ಮಗುವನ್ನು. ನಗಬೇಕೋ ಮರುಗಬೇಕೋ ನನಗೆ ತಿಳಿಯಲಿಲ್ಲ. ಅವರು ಬೇನೆಗೇ ಔಷಧ ತರಲು ಹೊರಟಿದ್ದರೂ ಸೀಟು ಬಿಡುವ ಕಾರಣವಿರಲಿಲ್ಲ. ಒಟ್ಟಿಗೆ ಕೂತರೆ ಎಚ್.ಐ.ವಿ. ಹರಡುವುದಿಲ್ಲ.

ಈ ಸೀಟು ಬಿಡುವವರು ಇರುವ ತನಕ ಮುಚ್ಚುವ ಅಕ್ಷರಗಳೂ ಬೇಕು ಎಂಬುದನ್ನು ಒಪ್ಪಬೇಕು. ಚೀಟಿ ಬಿದ್ದುಹೋದೀತು, ಪಕ್ಕದ ಮನೆಯವರು ಓದಿಯಾರು, ಮಗಳ ಮದುವೆ ಮುರಿದೀತು. ೨೦೧೭ರಲ್ಲಿ ಆಗಿ ೨೦೧೮ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆ, ರೋಗಿಯ ಗುಟ್ಟನ್ನು ಕಾಯುವುದು ಡಾಕ್ಟರರ ಕರ್ತವ್ಯವೆಂದೂ ಕೆಲಸದಲ್ಲಿ, ಶಾಲೆಯಲ್ಲಿ, ದವಾಖಾನೆಯಲ್ಲಿ ಭೇದ ಮಾಡುವುದು ನಿಷಿದ್ಧವೆಂದೂ ಹೇಳುತ್ತದೆ. ಆದರೆ ಗುಟ್ಟು ಯಾರದು? ರೋಗಿಯದು. ತನ್ನ ಗುಟ್ಟು ತನಗೇ ತಿಳಿಯದಿದ್ದರೆ ಅದು ಗುಟ್ಟಲ್ಲ, ಮೋಸ. ನೆರೆಯವರ ಕಣ್ಣಿಗೆ ಮುಚ್ಚುವ ಅಕ್ಷರ ಛತ್ರಿಯಿದ್ದಂತೆ. ರೋಗಿಯ ಕಣ್ಣಿಗೇ ಮುಚ್ಚುವ ಅಕ್ಷರ ಕಣ್ಣಿಗೆ ಕಟ್ಟಿದ ಬಟ್ಟೆಯಿದ್ದಂತೆ. ಎರಡನ್ನೂ ಒಂದೇ ಅರಿವೆಯಿಂದ ಹೊಲಿಯಬಹುದು. ಉಪಯೋಗ ಮಾತ್ರ ಬೇರೆ.

ಡಾಕ್ಟರರಿಗೆ ಹೊತ್ತಿಲ್ಲವೆಂಬುದು ಸುಳ್ಳಲ್ಲ. ಹೊರಗೆ ನೂರು ಜನ ಕಾದಿರುತ್ತಾರೆ. ಅವರು ಬೇಕಾದರೆ ಎರಡಕ್ಷರದಲ್ಲಿಯೇ ಬರೆಯಲಿ. ಬಾಯಲ್ಲಿ ಎರಡು ವಾಕ್ಯ ಹೇಳಲಿ. ಅವರಿಗೂ ಆಗದಿದ್ದರೆ ಹೇಳುವವರು ಬೇರೆ ಇದ್ದಾರೆ: ಆಪ್ತಸಲಹೆಗಾರರು, ದಾದಿಯರು, ೨೦೦೫ರಿಂದ ಹಳ್ಳಿಹಳ್ಳಿಗೆ ಬಂದ ಆಶಾ ಕಾರ್ಯಕರ್ತೆಯರು. ಈ ‘ಆಶಾ’ ಎಂಬುದೂ ಇಂಗ್ಲಿಷಿನ ನಾಲ್ಕಕ್ಷರಗಳ ಸಂಕ್ಷೇಪವೇ. ಅದು ಎಷ್ಟು ಚೆನ್ನಾಗಿ ಕನ್ನಡವಾಯಿತೆಂದರೆ ಅದರ ವಿಸ್ತಾರವನ್ನು ಯಾರೂ ಕೇಳುವುದಿಲ್ಲ. ಇನ್ನು ನಮ್ಮ ಪಾಲಿನ ಕೆಲಸ ಒಂದೇ. ಚೀಟಿಯನ್ನು ಮಡಿಸಿ ಚೀಲಕ್ಕೆ ಹಾಕುವ ಮೊದಲು, ‘ಇದರ ಅರ್ಥ ಏನ್ರಿ ಸಾಹೇಬ್ರ?’ ಎಂದು ಕೇಳುವುದು. ಸಂತೆಯಲ್ಲಿ ಬದನೆಕಾಯಿಗೆ ನಾಲ್ಕು ಸಲ ದರ ಕೇಳುವ ನಾವು ದವಾಖಾನೆಯಲ್ಲಿ ಒಂದು ಸಲ ಕೇಳಲು ಏಕೆ ನಾಚಬೇಕು?

ಅಕ್ಷರಗಳು ಒಂದೇ ತೆರನಾಗಿ ನಿಲ್ಲುವುದೂ ಇಲ್ಲ. ಹಿಂದೆ ಕೌಂಟು ೨೦೦ಕ್ಕಿಂತ ಇಳಿದರೆ ಔಷಧವೆನ್ನುತ್ತಿದ್ದರು; ಆಮೇಲೆ ೩೫೦ ಎಂದರು, ೫೦೦ ಎಂದರು; ೨೦೧೭ರಿಂದ ಕೌಂಟು ಎಷ್ಟೇ ಇರಲಿ, ಸೋಂಕು ಕಂಡೊಡನೆ ಔಷಧ ಆರಂಭಿಸುತ್ತಾರೆ. ಈಗ ಹೆಚ್ಚಾಗಿ ನೋಡುವುದು ವೈರಲ್ ಲೋಡ್, ಎಂದರೆ ರಕ್ತದಲ್ಲಿರುವ ವೈರಸ್ಸಿನ ಎಣಿಕೆ. ಕೌಂಟು ಏರಬೇಕು, ಲೋಡು ಇಳಿಯಬೇಕು. ಅದು ಯಂತ್ರಕ್ಕೂ ಸಿಗದಷ್ಟು ಇಳಿದರೆ ವರದಿಯಲ್ಲಿ ಟಿ.ಎನ್.ಡಿ. ಎಂದು ಬರುತ್ತದೆ, ಹುಡುಕಿದ್ದು ಸಿಗಲಿಲ್ಲ ಎಂದರ್ಥ. ವೈರಸ್ಸು ಮೈಬಿಟ್ಟು ಹೋಗಿರುವುದಿಲ್ಲ, ಗುಳಿಗೆ ಬಿಡುವಂತಿಲ್ಲ. ಆದರೆ ಹಾಗೆ ಅಡಗಿದ್ದಷ್ಟು ಕಾಲ ದಾಂಪತ್ಯದಲ್ಲಿ ಒಬ್ಬರಿಂದೊಬ್ಬರಿಗೆ ಅದು ದಾಟುವುದೂ ಇಲ್ಲ.

ಆ ತಾಯಿಯ ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ತಾಯಿ ಹಿಂದಿನಂತೆ ಕಂಡಿಕೆ ಸುತ್ತುತ್ತಾಳೆ, ದಿನಕ್ಕೊಂದು ಗುಳಿಗೆ ನುಂಗುತ್ತಾಳೆ. ಕಳೆದ ಸಲ ವರದಿ ಬಂದಾಗ ಅದನ್ನು ನನ್ನಲ್ಲಿಗೆ ಓದಿಸಲು ತರಲಿಲ್ಲ. ದಾರಿಯಲ್ಲಿ ಸಿಕ್ಕಾಗ ನಿಂತು, ಅತ್ತಿತ್ತ ನೋಡಿ, ಮೂರೇ ಅಕ್ಷರ ಹೇಳಿ ನಕ್ಕು ಮುಂದೆ ಹೋದಳು. ಓಣಿಯಲ್ಲಿದ್ದವರಾರಿಗೂ ಅರ್ಥವಾಗಲಿಲ್ಲ. ಆಕೆಗೆ ಆಗಿತ್ತು, ಅಷ್ಟು ಸಾಕು.